ಮಕ್ಕಳ ಬೂಸ್ಟರ್ ಲಸಿಕೆ: ಹಿರಿಯರ ಹೊಣೆ



ಕಳೆದ ವರ್ಷ ಐದನೆಯ ತರಗತಿಯಲ್ಲಿದ್ದ ನನ್ನ ಮೊಮ್ಮಗಳು ಶಾಲೆಯಿಂದ ಒಂದು ಚೀಟಿ ತಂದಳು. ಟಿ.ಡಿ. ಲಸಿಕೆ ಹಾಕಲು ಮನೆಯವರ ಒಪ್ಪಿಗೆ ಕೇಳಿದ್ದರು. "ಚಿಕ್ಕಂದಿನಲ್ಲೇ ಎಲ್ಲ ಹಾಕಿಸಿದ್ದೇವಲ್ಲ ಮಾವ, ಮತ್ತೆ ಯಾಕೆ?" ಎಂದಳು ಸೊಸೆ. "ಬೇಡ ಬಿಡಮ್ಮ" ಎಂದುಬಿಟ್ಟೆ. ಹಿರಿಯನ ಮಾತು ನಡೆಯಿತು. ಚೀಟಿ ಸಹಿಯಿಲ್ಲದೆ ಹಿಂದಕ್ಕೆ ಹೋಯಿತು.

ಮೆಟ್ಟೂರಿನಲ್ಲಿ ನನ್ನದು ಕಬ್ಬಿಣದ ಸಾಮಾನಿನ ಅಂಗಡಿ. ಅದೇ ವಾರ ಲೋಡು ಇಳಿಸುವವನೊಬ್ಬನ ಕಾಲಿಗೆ ಮೊಳೆ ಚುಚ್ಚಿತು. ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಅವನಿಗೂ ಹಾಕಿದ್ದು ಅದೇ ಟಿ.ಡಿ.! "ಚಿಕ್ಕಂದಿನಲ್ಲಿ ಹಾಕಿದ್ದು ಸಾಲದೇ?" ಎಂದು ಕೇಳಿದೆ. ಡಾಕ್ಟರು ತಾಳ್ಮೆಯಿಂದ ವಿವರಿಸಿದರು.

ಲಸಿಕೆಯು ರೋಗದ ಗುರುತನ್ನು ದೇಹಕ್ಕೆ ಮೊದಲೇ ತೋರಿಸುತ್ತದೆ. ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ ಗುರುತನ್ನು ನೆನಪಿಡುವ ಜೀವಕೋಶಗಳೂ ಉಳಿಯುತ್ತವೆ. ವರ್ಷ ಕಳೆದಂತೆ ಪ್ರತಿಕಾಯ ಇಳಿಯುತ್ತದೆ. ಬೂಸ್ಟರ್ ಕೊಟ್ಟಾಗ ನೆನಪಿನ ಕೋಶಗಳು ಎಚ್ಚೆತ್ತು, ಮೊದಲಿಗಿಂತ ಬೇಗನೆ, ಮೊದಲಿಗಿಂತ ಹೆಚ್ಚು ಪ್ರತಿಕಾಯ ಕೊಡುತ್ತವೆ. ವ್ಯಾಪಾರಿಗಳಾದ ನಾವು ಹಳೆಯ ಬಾಕಿಯನ್ನು ಹೊಸ ಲೆಕ್ಕದ ಪುಸ್ತಕಕ್ಕೆ ಏರಿಸಿಕೊಳ್ಳುವುದಿಲ್ಲವೇ? ಹಾಗೆಯೇ ಇದು.

ಅದಕ್ಕೇ ಮಗುವಿಗೆ 6, 10, 14ನೆಯ ವಾರಗಳಲ್ಲಿ ಮೂರು ಡೋಸು ಹಾಕಿದ ಮೇಲೂ 16ರಿಂದ 24 ತಿಂಗಳೊಳಗೆ ಮತ್ತು 5-6 ವರ್ಷಕ್ಕೆ ಡಿ.ಪಿ.ಟಿ. ಬೂಸ್ಟರ್, 10 ಮತ್ತು 16 ವರ್ಷಕ್ಕೆ ಟಿ.ಡಿ. ಎಂದು ಗೊತ್ತುಮಾಡಿದ್ದಾರೆ. ಹಿಂದೆ ಧನುರ್ವಾಯುವಿಗೆ ಮಾತ್ರ ಟಿ.ಟಿ. ಇತ್ತು. ಗಂಟಲುಮಾರಿಯ ರಕ್ಷಣೆಯೂ ವಯಸ್ಸಾದಂತೆ ಕುಗ್ಗುವುದರಿಂದ, 2019ರಲ್ಲಿ ಸರ್ಕಾರ ಅದರ ಬದಲು ಎರಡನ್ನೂ ತಡೆಯುವ ಟಿ.ಡಿ. ತಂದಿತು.

ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿರುತ್ತದೆ. ಅದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಆದ್ದರಿಂದ ಊರಿನವರೆಲ್ಲ ಲಸಿಕೆ ಹಾಕಿಸಿಕೊಂಡರೂ ನಮ್ಮ ಮಗುವಿಗೆ ಅದರಿಂದ ರಕ್ಷಣೆಯಿಲ್ಲ. ಒಮ್ಮೆ ಆ ರೋಗ ಬಂದು ಗುಣವಾದವರಿಗೂ ಲಸಿಕೆ ಬೇಕೇ ಬೇಕು.

ಮೊದಲ ಡೋಸಿಗೆ ಬರುವ ಜನ ಮುಂದಿನದಕ್ಕೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದಾಗ ನನಗೇ ನಾಚಿಕೆಯಾಯಿತು. 2022ರ ಜುಲೈ 15ರಿಂದ 75 ದಿನ, 18 ದಾಟಿದವರಿಗೆಲ್ಲ ಕೋವಿಡ್ ಮೂರನೆಯ ಡೋಸನ್ನು ಉಚಿತವಾಗಿ ಕೊಟ್ಟಾಗ ನಾನು ಹೋಗಲಿಲ್ಲ. ದೇಶದಲ್ಲಿ ಎರಡನೆಯ ಡೋಸು 95 ಕೋಟಿಯಷ್ಟಾದರೆ ಮೂರನೆಯದು 23 ಕೋಟಿಯನ್ನೂ ಮುಟ್ಟಲಿಲ್ಲ. 2017ರಲ್ಲಿ ತಮಿಳುನಾಡು, ಕರ್ನಾಟಕಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕುವಾಗಲೂ ವಾಟ್ಸಾಪ್ ಪುಕಾರುಗಳನ್ನು ನಂಬಿ ಹೆದರಿದ ತಂದೆತಾಯಿಗಳು ಎಷ್ಟೋ ಮಂದಿ.

ಮನೆಗೆ ಬಂದು ಸೊಸೆಗೆ, "ನಾನು ತಿಳಿಯದೆ ಹೇಳಿದೆನಮ್ಮ" ಎಂದೆ. ಅಷ್ಟರಲ್ಲಿ ಶಾಲೆಯಲ್ಲಿ ಲಸಿಕೆ ಹಾಕಿ ಮುಗಿದಿತ್ತು. ಮುಂದಿನ ಬುಧವಾರ ಮೊಮ್ಮಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಒಂದು ಪೈಸೆ ಖರ್ಚಿಲ್ಲ. ಎರಡು ದಿನ ತೋಳು ನೋಯಿತು, ಅಷ್ಟೇ.

ಹಿರಿಯರಾದ ನಮ್ಮ ಒಂದು ಮಾತಿನಿಂದ ಮಗುವಿಗೆ ಲಸಿಕೆ ಸಿಗಲೂಬಹುದು, ತಪ್ಪಲೂಬಹುದು. ತಿಳಿಯದಿದ್ದರೆ "ಬೇಡ" ಎನ್ನುವ ಬದಲು "ಕೇಳಿ ಬರೋಣ" ಎನ್ನೋಣ. ಇಂದೇ ಮಕ್ಕಳ ಲಸಿಕೆ ಕಾರ್ಡನ್ನು ತೆಗೆದು ನೋಡಬೇಕೆಂದು ನನ್ನ ವಿನಂತಿ.