ಆಗಸ್ಟಾ ಸ್ಯಾವೇಜ್: ಅಳಿದ ಶಿಲ್ಪ, ಉಳಿದ ಶಿಷ್ಯಪರಂಪರೆ

ಕಲೆಯ ಇತಿಹಾಸವನ್ನು ಉಳಿದುಬಂದ ಕೃತಿಗಳ ಆಧಾರದಿಂದ ರಚಿಸುವುದು ರೂಢಿ. ಆದರೆ ಕೃತಿಯು ಉಳಿಯಲು ಪ್ರತಿಭೆಯೊಂದೇ ಸಾಲದು, ಧನವೂ ಬೇಕು. ಅಮೆರಿಕದ ಕರಿಯ ಜನಾಂಗದ ಶಿಲ್ಪಿ ಆಗಸ್ಟಾ ಸ್ಯಾವೇಜ್ (1892–1962) ಅವರ ಜೀವನವು ಇದಕ್ಕೆ ನಿದರ್ಶನವಾಗಿದೆ.

ಫ್ಲಾರಿಡಾದಲ್ಲಿ ಜನಿಸಿದ ಈಕೆ ನ್ಯೂಯಾರ್ಕಿನ ಕೂಪರ್ ಯೂನಿಯನ್ನಿನಲ್ಲಿ ಶಿಲ್ಪವಿದ್ಯೆಯನ್ನು ಅಭ್ಯಸಿಸಿದರು. 1923ರಲ್ಲಿ ಫ್ರಾನ್ಸಿನ ಫಾಂಟೆನ್‌ಬ್ಲೋದಲ್ಲಿದ್ದ ಬೇಸಗೆಯ ಕಲಾಶಾಲೆಗೆ ಸೇರಬಯಸಿದಾಗ, ಅಮೆರಿಕದ ಆಯ್ಕೆ ಸಮಿತಿಯು ವರ್ಣದ ಕಾರಣದಿಂದಲೇ ಪ್ರವೇಶವನ್ನು ನಿರಾಕರಿಸಿತು. ಆಕೆ ಪತ್ರಿಕೆಗಳ ಮೂಲಕ ಪ್ರತಿಭಟಿಸಿದರೂ ಆ ನಿರ್ಣಯವು ಬದಲಾಗಲಿಲ್ಲ. ಮುಂದೆ ‘ಗ್ಯಾಮಿನ್’ ಎಂಬ ಬಾಲಕನ ಪ್ರತಿಮೆಯು ಖ್ಯಾತಿ ಪಡೆದು, ವಿದ್ಯಾರ್ಥಿವೇತನದ ನೆರವಿನಿಂದ 1929ರಲ್ಲಿ ಪ್ಯಾರಿಸ್ಸಿಗೆ ತೆರಳಿದರು.

1939ರ ನ್ಯೂಯಾರ್ಕ್ ವಿಶ್ವಪ್ರದರ್ಶನಕ್ಕಾಗಿ ಆಕೆ 16 ಅಡಿ ಎತ್ತರದ ‘ದಿ ಹಾರ್ಪ್’ ಶಿಲ್ಪವನ್ನು ಪ್ಲಾಸ್ಟರಿನಲ್ಲಿ ರಚಿಸಿದರು. ಅದರಲ್ಲಿ ಹಾಡುವ ಕರಿಯರೇ ವಾದ್ಯದ ತಂತಿಗಳು. ದೇವರ ಕೈಯೇ ಅವರಿಗೆ ಆಧಾರ. ಕಂಚಿನಲ್ಲಿ ಎರಕ ಹೊಯ್ಯಿಸಲು ಹಣವಿಲ್ಲದ ಕಾರಣ, ಪ್ರದರ್ಶನವು ಮುಗಿದ ಬಳಿಕ ಅದನ್ನು ಒಡೆದುಹಾಕಲಾಯಿತು.

ಆದರೆ ಹಾರ್ಲೆಮಿನಲ್ಲಿ ಆಕೆ ಕಲಿಸಿದ ವಿದ್ಯೆಯು ಅಳಿಯಲಿಲ್ಲ. ಆಕೆಯ ಮಾರ್ಗದರ್ಶನ ಪಡೆದ ಜೇಕಬ್ ಲಾರೆನ್ಸರು, ದಕ್ಷಿಣದಿಂದ ಉತ್ತರಕ್ಕೆ ನಡೆದ ಕರಿಯರ ವಲಸೆಯನ್ನು 1941ರಲ್ಲಿ 60 ಫಲಕಗಳಲ್ಲಿ ಚಿತ್ರಿಸಿದರು. ಆದುದರಿಂದ ಇತಿಹಾಸದ ವಿದ್ಯಾರ್ಥಿಯು ಇಂಥ ಕಲಾವಿದರನ್ನು ಅಳೆಯುವಾಗ ಪತ್ರಿಕಾ ವರದಿ, ಛಾಯಾಚಿತ್ರ, ಶಿಷ್ಯರ ಕೃತಿಗಳನ್ನೂ ಆಕರಗಳೆಂದು ಪರಿಗಣಿಸುವುದು ಅವಶ್ಯಕ.