ಬೀದಿದೀಪದ ಬೆಳಕು ಹೋಗೋದೆಲ್ಲಿಗೆ?

ರಾತ್ರಿ ಮಂಗಳೂರಿನ ಜೆಪ್ಪು ಮಾರ್ಕೆಟ್ ಕಡೆಯಿಂದ ನಡೆದು ಬರ್ತಿದ್ದೀರಿ.
ಎದುರಿಗೆ ಜಗಮಗ ಎಲ್‌ಇಡಿ.
ಆದರೂ ಕಾಲಡಿಯ ಹೊಂಡ ಕಾಣಲ್ಲ. ಯಾಕೆ?

ಬೆಳಕು ಎಷ್ಟಿದೆ ಅನ್ನೋದು ಅರ್ಧ ಲೆಕ್ಕ.
ಯಾವ ಕಡೆ ಹೋಗುತ್ತೆ ಅನ್ನೋದು ಉಳಿದರ್ಧ.

ತೆಂಗಿಗೆ ಪೈಪ್ ಹಿಡಿದ ಹಾಗೆ.
ನೀರು ಬುಡಕ್ಕೆ ಬಿದ್ದರೆ ಮರಕ್ಕೆ.
ಅಂಗಳಕ್ಕೆಲ್ಲ ಚಿಮ್ಮಿದರೆ,
ಪಂಪಿನ ಕರೆಂಟ್ ಬಿಲ್ ಮಾತ್ರ ನಿಮಗೆ.

ಬೆಳಕು ಯಾವ ಕಡೆ ಹೋಗುತ್ತೆ ಅಂತ ಅಳೆಯೋ ಯಂತ್ರ ಗೋನಿಯೋಫೋಟೋಮೀಟರ್.
ಕತ್ತಲೆ ಕೋಣೆಯಲ್ಲಿ ದೀಪವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ,
ಯಾವ ಕೋನಕ್ಕೆ ಎಷ್ಟು ಬೆಳಕು ಅಂತ ದಾಖಲಿಸುತ್ತೆ.

ನೇರ ಕೆಳಗೆ 0 ಡಿಗ್ರಿ.
ಅಡ್ಡಕ್ಕೆ 90.
ಅಡ್ಡಕ್ಕೆ ಹತ್ತಿರದ ಬೆಳಕು ಸೀದಾ ಕಣ್ಣಿಗೆ ಹೊಡೆಯುತ್ತೆ.
ಅದೇ ಗ್ಲೇರ್.
90 ದಾಟಿತೋ, ಆಕಾಶದ ಪಾಲು.

ನಮ್ಮ ಕರಾವಳಿಯ ತೇವದ ಗಾಳಿ, ಮೋಡ
ಅದನ್ನು ಚದುರಿಸಿ ವಾಪಸ್ ಕಳಿಸುತ್ತೆ.
ಆಕಾಶವೆಲ್ಲ ಮಬ್ಬು ಬೆಳಕು. ನಕ್ಷತ್ರ ಮಾಯ.

ಆಕಾಶ ಎಷ್ಟು ಕತ್ತಲಾಗಿದೆ ಅಂತ ಅಳೆಯೋಕೆ ಸ್ಕೈ ಕ್ವಾಲಿಟಿ ಮೀಟರ್.
ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು.
ಅಂಕಿ 22ರ ಹತ್ತಿರ ಬಂದರೆ ಅಪ್ಪಟ ಕತ್ತಲು.

ಅಂಥ ಕತ್ತಲು ಇರೋದು ಲಡಾಖ್‌ನ ಹಾನ್ಲೆಯಲ್ಲಿ.
ಅಲ್ಲಿರುವ ಒಂದು ದೂರದರ್ಶಕವನ್ನು ನಡೆಸೋದು
ನಮ್ಮ ಹೊಸಕೋಟೆಯಲ್ಲಿ ಕೂತು!
ಆ ಕತ್ತಲು ಉಳಿಯಲಿ ಅಂತ
ಊರವರು ದೀಪಗಳಿಗೆ ಮರೆ ಕಟ್ತಾರೆ.

ನಾವೇನು ಮಾಡಬಹುದು?
ಗೇಟಿನ ಲೈಟ್ ಹಾಕಿ, ರಸ್ತೆಗೆ ಬಂದು ನಿಲ್ಲಿ.
ಬಲ್ಬೇ ಕಣ್ಣು ಕುಕ್ಕುತ್ತಾ?
ಕೆಳಕ್ಕೆ ಬಾಗಿಸಿ.

ಹೊಸದು ತಗೊಳ್ಳುವಾಗ
ಅಚ್ಚ ಬಿಳಿ ಬೇಡ, ಹಳದಿ ಇರಲಿ.
3000 ಕೆಲ್ವಿನ್, ಇಲ್ಲಾ ಅದಕ್ಕಿಂತ ಕಮ್ಮಿ.
ಬಾಕ್ಸ್ ಮೇಲೇ ಬರೆದಿರುತ್ತೆ, ಓದಿ ತಗೊಳ್ಳಿ.