ಮಂಜೂರಾತಿ ಜಮೀನು: ನೋಂದಣಿಯಾದ ಮಾತ್ರಕ್ಕೆ ಕ್ರಯ ಸಿಂಧುವಲ್ಲ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ರೈತ ಬಾಂಧವರು ಅರಿಸಿನಕ್ಕೋ ಹಿಪ್ಪುನೇರಳೆಗೋ ಜಮೀನು ಕೊಳ್ಳುವ ಮೊದಲು ಮಣ್ಣು ಪರೀಕ್ಷೆ ಮಾಡಿಸುವುದುಂಟು. ಆ ಜಮೀನಿನ ಮೂಲ ಮಂಜೂರಾತಿಯನ್ನು ಪರೀಕ್ಷಿಸುವವರು ಕಡಿಮೆ. ಮಣ್ಣಿನ ದೋಷವನ್ನು ಗೊಬ್ಬರ, ಜಿಪ್ಸಂಗಳಿಂದ ಸರಿಪಡಿಸಬಹುದು. ಮಂಜೂರಾತಿಯ ದೋಷಕ್ಕೆ ಅಂಥ ಮದ್ದಿಲ್ಲ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರರ ಪಾಲಾಗದಂತೆ ತಡೆಯಲು 1978ರಲ್ಲಿ ಕರ್ನಾಟಕ ಸರ್ಕಾರವು ಕಾಯಿದೆಯೊಂದನ್ನು ತಂದಿತು. ರೂಢಿಯಲ್ಲಿ ಇದು ಪಿ.ಟಿ.ಸಿ.ಎಲ್. ಕಾಯಿದೆ, 1-1-1979ರಿಂದ ಜಾರಿಯಲ್ಲಿದೆ. ಅಂದಿನಿಂದ ಸರ್ಕಾರದ ಪೂರ್ವಾನುಮತಿಯಿಲ್ಲದೆ ಇಂಥ ಜಮೀನನ್ನು ಮಾರಿದರೆ ಆ ಕ್ರಯ ಅಸಿಂಧು. ಅದಕ್ಕೂ ಹಿಂದಿನ ಕ್ರಯವು ಮಂಜೂರಾತಿಯ ಷರತ್ತನ್ನು ಮೀರಿ ನಡೆದಿದ್ದರೆ ಅದೂ ಅಸಿಂಧುವೇ. ದಾನ, ಅದಲುಬದಲು, ಭೋಗ್ಯ, ಗುತ್ತಿಗೆ, ಕ್ರಯದ ಕರಾರುಗಳಿಗೂ ಇದು ಅನ್ವಯ. ಕುಟುಂಬದೊಳಗಿನ ಪಾಲು, ಮರಣಶಾಸನಗಳಿಗೆ ಅನ್ವಯಿಸದು. ಬ್ಯಾಂಕಿಗೆ ಆಧಾರ ಮಾಡುವುದಕ್ಕೂ ವಿನಾಯಿತಿಯಿರುವುದರಿಂದ ಸಾಲಕ್ಕೆ ತೊಡಕಾದೀತೆಂಬ ಭಯ ಬೇಡ.

ಕೊಂಡವರು ಪೂರ್ತಿ ಹಣ ಕೊಟ್ಟಿದ್ದಾರೆ, ಖಾತೆ ಆಗಿದೆ, ಕೊಳವೆಬಾವಿ ತೋಡಿಸಿ ತೆಂಗು ಹಾಕಿದ್ದಾರೆ ಎಂಬುದು ರಕ್ಷಣೆಯಾಗಲಾರದು. ಉಪವಿಭಾಗಾಧಿಕಾರಿಗಳು ವಿಚಾರಣೆ ನಡೆಸಿ ಜಮೀನನ್ನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿ ಕೊಡಿಸಬಹುದು. 1984ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿಯಿತು. ಬರಗಾಲದಲ್ಲಿ ಬಡವರಿಂದ ಅಗ್ಗಕ್ಕೆ ಬರೆಸಿಕೊಂಡ ಪತ್ರಗಳನ್ನು ನೆನೆದರೆ ಈ ಕಟ್ಟುನಿಟ್ಟು ಅತಿಯೆನಿಸದು.

ಇಂಥ ಅರ್ಜಿಯನ್ನು ಯುಕ್ತ ಕಾಲದೊಳಗೆ ಸಲ್ಲಿಸಬೇಕೆಂದು ಅದೇ ನ್ಯಾಯಾಲಯ 2017ರಲ್ಲಿ ಹೇಳಿತು. ಇದರಿಂದ ಅನೇಕ ಕುಟುಂಬಗಳಿಗೆ ದಾರಿ ಮುಚ್ಚಿತು. 2023ರ ತಿದ್ದುಪಡಿಯು ಕಾಲಮಿತಿಯೇ ಇಲ್ಲವೆಂದಿತು. ಆದರೂ ವಿಳಂಬದ ವಾದ ನ್ಯಾಯಾಲಯಗಳಲ್ಲಿ ನಿಂತಿಲ್ಲ. ಜಮೀನು ಕಳೆದುಕೊಂಡವರು ತಡಮಾಡದಿರುವುದು ಲೇಸು.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕುಂಟು. ಹನೂರೂ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು 1-11-1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಯಳಂದೂರು ಮೈಸೂರಿಗೆ ಸೇರಿತ್ತು. ಆದುದರಿಂದ ಹಳೆಯ ಮಂಜೂರಾತಿಗಳ ಷರತ್ತುಗಳು ಒಂದೇ ಬಗೆಯವಲ್ಲ. ನೆರೆಹೊಲದ ಪತ್ರ ನೋಡಿ ತೀರ್ಮಾನಿಸಕೂಡದು.

ಋಣಭಾರ ಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳಷ್ಟೇ ಕಾಣುತ್ತವೆ. ಮಂಜೂರಾತಿಯ ಷರತ್ತು ಅಲ್ಲಿ ಸಿಗದು. ಪಹಣಿಯ ಹಳೆಯ ನಕಲುಗಳನ್ನೂ ತಾಲ್ಲೂಕು ಕಚೇರಿಯಿಂದ ಸಾಗುವಳಿ ಚೀಟಿ, ಮಂಜೂರಾತಿ ಆದೇಶಗಳ ದೃಢೀಕೃತ ನಕಲನ್ನೂ ಪಡೆದು, ಮುಂಗಡ ಕೊಡುವ ಮೊದಲೇ ವಕೀಲರಿಗೆ ತೋರಿಸತಕ್ಕದ್ದು. ಬೆಟ್ಟದ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯಿದೆಯಂತೆ ದೊರೆಯುವ ಹಕ್ಕುಪತ್ರದ ಜಮೀನಿಗಂತೂ ಈ ವಿಚಾರಣೆಯೇ ಬೇಕಿಲ್ಲ. ಅದು ಮಕ್ಕಳಿಗೆ ಸಲ್ಲುವುದೇ ಹೊರತು ಮಾರಾಟಕ್ಕೆ ಬರುವುದಿಲ್ಲ.